ಮೈಕಣ್ಣ ಹಿಡಿದ ತಪ್ಪು

ಸ್ಪೀಕರಿಗೆ ಇನ್ನೂ ಕರೆಂಟೇ ಕೊಟ್ಟಿರಲಿಲ್ಲ, ಅಷ್ಟರಲ್ಲೇ ಮೈಕಣ್ಣ "ಚೆನ್ನಾಗಿದೆ" ಅಂದುಬಿಟ್ಟರು.

ಮೇಜಿನ ಕೆಳಗೆ ಮಂಡಿಯೂರಿ ಪ್ಲಗ್ಗು ಹುಡುಕುತ್ತಿದ್ದ ಅಳಿಯ ತಲೆ ಹೊರಗೆ ಹಾಕಿ ಅತ್ತೆಯ ಮುಖ ನೋಡಿದ. ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಮೈಕಮ್ಮ, ನೀವು ನಿಮ್ಮ ಕೆಲಸ ನೋಡಿ ಎಂಬಂತೆ ಕೈಯಾಡಿಸಿದರು. ಹಾಲ್‌ನ ನಟ್ಟನಡುವೆ ಬೆತ್ತದ ಕುರ್ಚಿಯಲ್ಲಿ ಕೂತಿದ್ದ ಮೈಕಣ್ಣ ಅಗಲವಾಗಿ ಬಿಡಿಸಿದ ಪೇಪರಿನ ಹಿಂದೆ ಮತ್ತೆ ಮರೆಯಾದರು. ಹೆಂಡತಿ ತಮ್ಮ ಕಡೆ ತಿರುಗಿದ್ದರಿಂದ ಏನೋ ಕೇಳಿರಬೇಕು ಅಂದುಕೊಂಡು ಉತ್ತರ ಕೊಟ್ಟಿದ್ದರು, ಅಷ್ಟೆ.

ಎರಡು ವರ್ಷದಿಂದ ಆ ಮನೆಯಲ್ಲಿ ಇದೇ ಮಾತು. ಮೂವತ್ತೈದು ವರ್ಷ ಮೈಕ್‌ಸೆಟ್ ಬಾಡಿಗೆಗೆ ಕೊಟ್ಟು, ಸಭೆ, ನಾಟಕ, ಮದುವೆ, ಭಾಷಣ ಎಂದು ಸಿಕ್ಕಲ್ಲೆಲ್ಲ ಪೆಟ್ಟಿಗೆ ಕಟ್ಟಿ, ಅಪ್ಪ ಅಮ್ಮ ಇಟ್ಟ ಹೆಸರು ಅಳಿಸಿಹೋಗಿ ಬರೀ ಮೈಕಣ್ಣನಾದ ಮನುಷ್ಯನಿಗೆ ಕಿವಿಯೇ ಕೈಕೊಟ್ಟಿತ್ತು. ಹತ್ತಿರ ಬಂದು ಕೂಗಿದರೆ ಮಾತು ತಿಳಿಯುತ್ತಿತ್ತು. ಹಾಡು ಮಾತ್ರ ತಗಡಿನ ಮೇಲೆ ಮೊಳೆ ಎಳೆದ ಹಾಗೆ. ಮಗಳು ಕೊಡಿಸಿದ ಕಿವಿ ಮಿಷನ್ನನ್ನು ಒಂದೇ ಒಂದು ದಿನ ಹಾಕಿಕೊಂಡು, "ಚೆನ್ನಾಗಿದೆ" ಎಂದು ಬಿಚ್ಚಿ ಡ್ರಾಯರಿನಲ್ಲಿಟ್ಟವರು ಮತ್ತೆ ಅದರ ಕಡೆ ತಿರುಗಿ ನೋಡಲಿಲ್ಲ. ಮುಂದಿನ ವಾರವೇ ಅಂಗಡಿಯಲ್ಲಿದ್ದ ಪೆಟ್ಟಿಗೆ, ಆಂಪ್ಲಿಫೈಯರು, ವೈರು ಎಲ್ಲವನ್ನೂ ಗುಜರಿಯವನಿಗೆ ತೂಕಕ್ಕೆ ಹಾಕಿ, ಬಂದು ಈ ಬೆತ್ತದ ಕುರ್ಚಿಯಲ್ಲಿ ಕೂತರು.

ಅಲ್ಲಿಂದ ಮುಂದೆ ಪ್ರಪಂಚದಲ್ಲಿರುವುದೆಲ್ಲ ಚೆನ್ನಾಗಿಯೇ ಇತ್ತು. ಕಾಫಿ ಆರಿ ತಣ್ಣಗಾಗಿದ್ದರೂ ಚೆನ್ನಾಗಿದೆ. ಅಳಿಯ ತಂದ ಶರ್ಟಿನ ತೋಳು ಗೇಣುದ್ದ ಹೆಚ್ಚಾಗಿ ಬೆರಳು ಮುಚ್ಚಿಹೋದರೂ ಚೆನ್ನಾಗಿದೆ. ಒಂದು ದಿನ ಮೈಕಮ್ಮ ಬೇಳೆಗೆ ಉಪ್ಪು ಹಾಕುವುದನ್ನೇ ಮರೆತಿದ್ದರು. ಮಗಳು ಮೊದಲ ತುತ್ತಿಗೇ ಮುಖ ಕಿವುಚಿದಳು. ಮೈಕಣ್ಣ ಮಾತ್ರ ಎರಡು ಸಲ ಹಾಕಿಸಿಕೊಂಡು ಉಂಡು, ಚೆನ್ನಾಗಿದೆ ಎಂದು ಕೈ ತೊಳೆದರು. ಆವತ್ತು ಮೈಕಮ್ಮ ಅಡುಗೆಮನೆಯ ಬಾಗಿಲು ಹಾಕಿಕೊಂಡು ಅತ್ತರು. ತಪ್ಪು ಹುಡುಕುವುದೇ ಆ ಮನುಷ್ಯನ ಉಸಿರು ಎಂದು ಅವರಿಗೆ ಗೊತ್ತಿತ್ತು. ಮದುವೆಯಾದ ಹೊಸದರಲ್ಲಿ ಆ ತಪ್ಪು ಹುಡುಕಾಟಕ್ಕೆ ರೋಸಿಹೋಗಿ ಎರಡು ಸಲ ತವರಿಗೆ ಹೋಗಿ ಕೂತಿದ್ದವರೂ ಅವರೇ. ಈಗ ಅವರಿಗೆ ಬೇಕಾಗಿದ್ದುದು ಒಂದೇ. ಗಂಡ ಒಂದು ಸಲ, ಒಂದೇ ಒಂದು ಸಲ, "ಚೆನ್ನಾಗಿಲ್ಲ" ಅನ್ನಬೇಕು.

ಈ ಭಾನುವಾರದ ಏರ್ಪಾಡೆಲ್ಲ ಮಗಳದು. ಅವಳು ಬಸ್ ಕಂಡಕ್ಟರು. ಮುಂದಿನ ಬಾಗಿಲಲ್ಲಿ ನಿಂತು ಹಿಂದಿನ ಸೀಟಿನವನನ್ನು ಟಿಕೆಟ್ ಕೇಳುವ ಗಂಟಲಾದ್ದರಿಂದ, ಅಪ್ಪನಿಗೆ ತ್ರಾಸವಿಲ್ಲದೆ ಕೇಳಿಸುವ ದನಿ ಮನೆಯಲ್ಲಿ ಅವಳದೊಂದೇ. ಅಂಗಡಿ ಗುಜರಿಗೆ ಹೋದ ದಿನ ಕ್ಯಾಸೆಟ್ಟಿನ ಟ್ರಂಕನ್ನು ಅವಳು ಮಾತ್ರ ಬಿಡದೆ ಹೊತ್ತು ತಂದಿದ್ದಳು. ಏಳು ತಿಂಗಳು, ಡ್ಯೂಟಿ ಮುಗಿಸಿ ಬಂದ ಮೇಲೆ, ಒಂದೊಂದೇ ಕ್ಯಾಸೆಟ್ಟನ್ನು ಹಾಕಿ ಹಾಡುಗಳನ್ನು ಕಂಪ್ಯೂಟರಿಗೆ ಇಳಿಸಿದ್ದಳು. ಸುತ್ತಿಕೊಂಡ ಟೇಪನ್ನು ಪೆನ್ಸಿಲಿನಿಂದ ಬಿಡಿಸಿ, ಹರಿದದ್ದನ್ನು ಅಂಟಿಸಿ, ನೂರಾ ಹನ್ನೆರಡು ಹಾಡು. ಎರಡು ಸ್ಪೀಕರು ಪೆಟ್ಟಿಗೆ, ಅವಕ್ಕೊಂದು ಆಂಪ್ಲಿಫೈಯರು ತಂದವನು ಅವಳ ಗಂಡ. ಅವನ ಕಸುಬು ಹಲ್ಲಿನ ಸೆಟ್ಟು ಮಾಡುವುದು. ಮೊದಲ ಸಲ ಈ ಮನೆಗೆ ಬಂದಾಗ, "ನಿಮ್ಮದು ಮೈಕ್ ಸೆಟ್ಟು, ನಮ್ಮದು ಹಲ್ಲು ಸೆಟ್ಟು, ಸೆಟ್ ಆಗತ್ತೆ ಬಿಡಿ ಮಾವ" ಎಂದು ಮಾವನನ್ನು ನಗಿಸಿ ಮಗಳನ್ನು ಗೆದ್ದವನು. ಕೂದಲೆಳೆ ವ್ಯತ್ಯಾಸವಾದರೂ ಹಲ್ಲು ಕಚ್ಚುವುದಿಲ್ಲ ಎಂದು ಬಲ್ಲವನಾದ್ದರಿಂದ, ಸ್ಪೀಕರಿನ ಜೊತೆ ಬಂದ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಎರಡು ಸಲ ಓದಿಕೊಂಡಿದ್ದ.

"ನೋಡಿ ಅತ್ತೆ, ಕಂಪ್ಯೂಟರಿಂದ ಹಾಕಿದ್ರೂ ಇದರಲ್ಲೇ ಬರತ್ತೆ, ನನ್ನ ಫೋನಿಂದ ಹಾಕಿದ್ರೂ ಇದರಲ್ಲೇ ಬರತ್ತೆ. ನೀವು ಅಡುಗೆಮನೇಲಿ ಟ್ಯಾಬ್ ಒತ್ತಿದ್ರೂ ಇಲ್ಲೇ ಹಾಡತ್ತೆ."

"ಅದೆಲ್ಲ ಆಮೇಲಾಯ್ತು. ಎರಡು ಪೆಟ್ಟಿಗೇನೂ ಒಂದೇ ಕಡೆ ಗುಡ್ಡೆ ಹಾಕಬೇಡಿ. ಒಂದು ಆ ಮೂಲೆ, ಒಂದು ಈ ಮೂಲೆ. ಅವರ ಕುರ್ಚಿ ಸರಿಯಾಗಿ ಮಧ್ಯಕ್ಕೆ ಬರಬೇಕು."

ಹಾಗೆ ಇಡಲು ಹೋದಾಗ ಬಲಗಡೆಯ ಪೆಟ್ಟಿಗೆಗೆ ವೈರು ಸಾಲಲಿಲ್ಲ. ಎರಡು ಮಾರು ಕಮ್ಮಿ. ನಾಳೆ ಉದ್ದದ್ದು ತರುತ್ತೇನೆ ಎಂದು ಅಳಿಯ ಕೈ ಚೆಲ್ಲುವುದರೊಳಗೆ ಮೈಕಮ್ಮ ಸ್ಟೂಲು ಹತ್ತಿ, ಅಟ್ಟದ ಮೇಲಿನ ಹಳೆ ಸೀರೆಗಳ ಗಂಟಿನೊಳಗಿಂದ ಒಂದು ಸುರುಳಿ ವೈರು ತೆಗೆದು ಕೊಟ್ಟರು. ಅಂಗಡಿಯದು. ಗುಜರಿಯವನು ತಕ್ಕಡಿಗೆ ಹಾಕುವ ಹೊತ್ತಿಗೆ, ಬಟ್ಟೆ ಒಣಹಾಕೋಕೆ ಬೇಕು ಎಂದು ಕಿತ್ತುಕೊಂಡಿದ್ದು. ಒಂದು ಎಳೆ ಕೆಂಪು, ಒಂದು ಎಳೆ ಕಪ್ಪು, ನಡುವೆ ಕಪ್ಪು ಟೇಪು ಸುತ್ತಿದ ಒಂದು ಗಂಟು. ಅಂಗಡಿಯ ಎಲ್ಲ ವೈರಿಗೂ ಅಂಥದೊಂದು ಗಂಟಿತ್ತು. ಬೆಸುಗೆ ಹಾಕುತ್ತಿದ್ದವರು ಮೈಕಣ್ಣ, ಮೇಲೆ ಟೇಪು ಸುತ್ತುತ್ತಿದ್ದವರು ಮೈಕಮ್ಮ. ಅಳಿಯ ಬಲಗಡೆಗೆ ಹೊಸ ವೈರಿನ ಬದಲು ಇದನ್ನೇ ಎಳೆದು, ಪುಸ್ತಕದಲ್ಲಿ ಹೇಳಿದಂತೆ ಕೆಂಪನ್ನು ಕೆಂಪಿಗೆ, ಕಪ್ಪನ್ನು ಕಪ್ಪಿಗೆ ಸಿಕ್ಕಿಸಿ, ಎರಡೆರಡು ಸಲ ಎಳೆದು ನೋಡಿದ.

"ಯಾವುದು ಹಾಕಲಿ?" ಅಂದಳು ಮಗಳು.

"ಡೋಲಿನ ಹಾಡು," ಎಂದರು ಮೈಕಮ್ಮ. ಬೇರೆ ಯಾವುದು ಹಾಕಲು ಸಾಧ್ಯ! ಎಲ್ಲಿ ಸೆಟ್ಟು ಕಟ್ಟಿದರೂ ಮೈಕಣ್ಣ ಮೊದಲು ಹಾಕುತ್ತಿದ್ದುದು ಅದೇ. ಹನ್ನೊಂದು ಏಟು ಬರೀ ಡೋಲು, ಆಮೇಲೆ ಅದರ ಮೇಲೆ ಒಬ್ಬ ಹೆಂಗಸಿನ ದನಿ ಎದ್ದು ಬರುತ್ತದೆ. ಆಗ ಮೈಕಮ್ಮ ಖಾಲಿ ಸಭಾಂಗಣದ ಕೊನೇ ಸಾಲಿನಲ್ಲಿ ಕೂತಿರಬೇಕು. ಸರಿಯಿದ್ದರೆ ಕೈ ಎತ್ತಬೇಕು. ಅವರ ಕೈ ಮೇಲೇಳುವವರೆಗೆ ಮೈಕಣ್ಣ ಪೆಟ್ಟಿಗೆಗಳನ್ನು ಆ ಕಡೆ ಈ ಕಡೆ ಸರಿಸುತ್ತಲೇ ಇರುತ್ತಿದ್ದರು. ಎಷ್ಟೋ ಸಲ ಕಾರ್ಯಕ್ರಮದವರು ಬಂದು, ಸಾಕು ಮಾರಾಯ ಎಂದು ಕೈ ಮುಗಿದದ್ದುಂಟು.

ಮಗಳು ಒತ್ತಿದಳು. ಡೋಲು ಬಂತು. ಬಂದದ್ದೇನೋ ಡೋಲೇ, ಆದರೆ ಯಾರೋ ಪಕ್ಕದ ಮನೆಯಲ್ಲಿ ದಿಂಬು ಬಡಿದ ಹಾಗಿತ್ತು. ದನಿಯೂ ಎದ್ದಿತು, ಆದರೆ ಎಲ್ಲಿಂದ ಬರುತ್ತಿದೆ ಎಂದು ತಿಳಿಯದೆ ಗೋಡೆ ಗೋಡೆ ತಡಕಾಡಿತು. ಹಾಡಿಗೆ ಹೊಟ್ಟೆಯೇ ಇರಲಿಲ್ಲ.

"ಹೇಗಿದೆ ಅತ್ತೆ?" ಅಳಿಯನ ಮುಖ ಬೆವರಿ ಹೊಳೆಯುತ್ತಿತ್ತು.

"ಚೆನ್ನಾಗಿದೆ," ಅಂದರು ಮೈಕಮ್ಮ. ಅಂದ ಮೇಲೆ ಅವರಿಗೇ ನಾಚಿಕೆಯಾಯಿತು. ಗಂಡನ ರೋಗ ತನಗೂ ಅಂಟಿತೇ?

ಮಗಳಿಗೆ ಅಂಥ ದಾಕ್ಷಿಣ್ಯ ಇರಲಿಲ್ಲ. "ಏನ್ ಚೆನ್ನಾಗಿದೆ ಅಮ್ಮ, ಸತ್ತ ಹಾಗಿದೆ. ರೀ, ನಿಮ್ಮ ಫೋನಿಂದ ಹಾಕಿ."

ಫೋನಿನಿಂದ ಹಾಕಿದರು. ಅದೇ ದಿಂಬು. ಟ್ಯಾಬಿನಿಂದ ಹಾಕಿದರು. ಅದೇ. ಅಳಿಯ ಪುಸ್ತಕ ತೆರೆದು, ಮುಚ್ಚಿ, ಕಂಪ್ಯೂಟರಿನ ಪರದೆಯ ಮೇಲೆ ಇದ್ದಬದ್ದ ಗೆರೆಗಳನ್ನೆಲ್ಲ ಮೇಲಕ್ಕೆ ಎಳೆದ. ಪೆಟ್ಟಿಗೆಗಳು ಗುರುಗುಟ್ಟಿದವೇ ಹೊರತು ಹಾಡು ಮೈದುಂಬಲಿಲ್ಲ. ಕೊನೆಗೆ ಅವನು, "ಕ್ಯಾಸೆಟ್ಟೇ ಹಳೇದು ಕಣೇ. ಇಷ್ಟು ವರ್ಷದಲ್ಲಿ ಸವೆದು ಹೋಗಿರತ್ತೆ. ನೀನು ಇಳಿಸಿಕೊಳ್ಳೋವಾಗಲೇ ಹೀಗಿತ್ತೇನೋ," ಎಂದ. ಏಳು ತಿಂಗಳ ಕೆಲಸ ಮಾಡಿದವಳು ಎಡಗಡೆಯ ಪೆಟ್ಟಿಗೆಗೆ ಒರಗಿ ನೆಲದ ಮೇಲೆ ಕೂತಳು. ಕೈಯಲ್ಲಿದ್ದ ಬೀಗದ ಕೈ ಗೊಂಚಲನ್ನು ಪೆಟ್ಟಿಗೆಯ ಮೇಲೆ ಎಸೆದಳು. ಹಾಡನ್ನು ನಿಲ್ಲಿಸುವ ಉತ್ಸಾಹವೂ ಯಾರಿಗೂ ಇರಲಿಲ್ಲ. ಅದು ಮತ್ತೆ ಮೊದಲಿನಿಂದ ಶುರುವಾಯಿತು.

ಆಗ ಮೈಕಣ್ಣ ಪೇಪರು ಕೆಳಗಿಳಿಸಿದರು.

ಮಗಳ ಮುಖ ನೋಡಿದರು ಎಂದು ಮೈಕಮ್ಮ ಅಂದುಕೊಂಡರು. ಆದರೆ ಅವರು ನೋಡುತ್ತಿದ್ದುದು ಬೀಗದ ಕೈಗಳನ್ನು. ಪ್ರತಿ ಏಟಿಗೂ ಗೊಂಚಲು ಪೆಟ್ಟಿಗೆಯ ಮೇಲೆ ಕುಣಿಯುತ್ತಿತ್ತು. ಮೈಕಣ್ಣ ತಮ್ಮ ಕೈಯಲ್ಲಿದ್ದ ಪೇಪರನ್ನು ನೋಡಿದರು. ಮತ್ತೆ ಗೊಂಚಲನ್ನು ನೋಡಿದರು. ಎದ್ದು, ಪೇಪರಿನ ಒಂದೇ ಹಾಳೆಯನ್ನು ಎರಡು ಬೆರಳಲ್ಲಿ ಹಿಡಿದು ಎಡಗಡೆಯ ಪೆಟ್ಟಿಗೆಯ ಮುಂದೆ ಹೋಗಿ ನಿಂತರು. ಹಾಳೆ ನಡುಗಿತು. ಬಲಗಡೆಯ ಪೆಟ್ಟಿಗೆಗೆ ಹೋದರು. ಅಲ್ಲೂ ನಡುಗಿತು. ಹೆಜ್ಜೆ ಎಣಿಸಿಕೊಂಡು ನಡುವಿಗೆ ಬಂದು ನಿಂತರು. ಹಾಳೆ ತೆಪ್ಪಗೆ ನೇತಾಡಿತು. ಹುಬ್ಬು ಗಂಟಿಕ್ಕಿತು. ಇನ್ನೊಂದು ಸಲ ಆ ಮೂಲೆಗೆ, ಈ ಮೂಲೆಗೆ, ನಡುವಿಗೆ.

"ಚೆನ್ನಾಗಿಲ್ಲ," ಎಂದರು.

ಮೈಕಮ್ಮನ ಕೈಯಿಂದ ಸೌಟು ಕೆಳಗೆ ಬಿತ್ತು. "ಏನಂದ್ರಿ?"

"ಚೆನ್ನಾಗಿಲ್ಲ ಅಂದೆ. ಮೂರು ಜನ ಇದೀರಿ, ಒಬ್ಬರಿಗೂ ಕಿವಿ ಕೇಳ್ಸಲ್ವಾ?"

ಮಗಳು ಕಿಸಕ್ಕನೆ ನಕ್ಕುಬಿಟ್ಟಳು. ಮೈಕಣ್ಣನಿಗೆ ನಗುವ ಪುರುಸೊತ್ತಿರಲಿಲ್ಲ. "ಎರಡೂ ಪೆಟ್ಟಿಗೆ ಕಿತ್ತಾಡ್ತಿವೆ. ಇದು ತಳ್ಳೋವಾಗ ಅದು ಎಳೀತಾ ಇದೆ. ನಡುವೆ ಕೂತೋನಿಗೆ ಏನು ಸಿಗತ್ತೆ, ಮಣ್ಣು? ಯಾರಪ್ಪ ವೈರು ಸಿಕ್ಕಿಸಿದ್ದು? ಒಂದು ಕಡೆ ಉಲ್ಟಾ ಸಿಕ್ಕಿಸಿದೀಯ."

"ಇಲ್ಲ ಮಾವ!" ಅಳಿಯ ಅವರ ಕಿವಿಯ ಹತ್ತಿರ ಬಂದು ಕೂಗಿದ. "ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು! ನೀವೇ ನೋಡಿ!"

ಮೈಕಣ್ಣ ಕನ್ನಡಕ ಏರಿಸಿ, ಸೊಂಟ ಬಗ್ಗಿಸಿ, ಎರಡೂ ಪೆಟ್ಟಿಗೆಗಳ ಬೆನ್ನು ನೋಡಿದರು. ಆಂಪ್ಲಿಫೈಯರಿನ ಬೆನ್ನು ನೋಡಿದರು. ಕೆಂಪಿಗೆ ಕೆಂಪೇ ಇತ್ತು, ಕಪ್ಪಿಗೆ ಕಪ್ಪೇ. ಅವರ ಮುಖದಲ್ಲಿ ಹತ್ತಿದ್ದ ದೀಪ ಮೆಲ್ಲಗೆ ಸಣ್ಣಗಾಗುವುದನ್ನು ಮೈಕಮ್ಮ ಕಂಡರು. ಇದೊಂದು ಸಲ ತಪ್ಪಿದರೆ ಈ ಮನುಷ್ಯ ಇನ್ನು ಯಾವತ್ತೂ ಬಾಯಿ ಬಿಡುವುದಿಲ್ಲ. ಹೋಗಿ ಕುರ್ಚಿಯಲ್ಲಿ ಕೂತು, ಚೆನ್ನಾಗಿದೆ ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು.

"ಅವರು ಹೇಳಿದ್ದು ನಿಜ," ಎಂದರು ಮೈಕಮ್ಮ, ಯಾರೂ ಕೇಳದಿದ್ದರೂ. "ನನಗೂ ಚೆನ್ನಾಗಿಲ್ಲ ಅನ್ನಿಸಿತ್ತು. ಆಗ ಸುಳ್ಳು ಹೇಳಿದೆ." ಮತ್ತೆ ಗಂಡನ ಎದುರು ಹೋಗಿ ನಿಂತು, ಎರಡೂ ಕೈಯನ್ನು ಸೊಂಟಕ್ಕೆ ಅಂಟಿಸಿಕೊಂಡು ತೋರಿಸಿದರು. ಕೈ ಎತ್ತಿಲ್ಲ. ಕೊನೇ ಸಾಲಿನಲ್ಲಿ ಕೈ ಎತ್ತಿಲ್ಲ.

ಮೈಕಣ್ಣ ಆ ಕೈಗಳನ್ನೇ ಒಂದು ಗಳಿಗೆ ನೋಡಿದರು. "ಒಂದು ಸೆಲ್ ಕೊಡಿ," ಎಂದರು.

ಮನೆಯಲ್ಲಿ ಬಿಡಿ ಸೆಲ್ ಇರಲಿಲ್ಲ. ಟಾರ್ಚು ಕೂಡ ಚಾರ್ಜಿನದು. ಮೈಕಣ್ಣ ಯಾರನ್ನೂ ಕೇಳದೆ ಗೋಡೆ ಗಡಿಯಾರ ಇಳಿಸಿ, ಅದರ ಬೆನ್ನಿನಿಂದ ಸೆಲ್ ಕಿತ್ತು, ಖಾಲಿ ಗಡಿಯಾರವನ್ನು ಮತ್ತೆ ಮೊಳೆಗೆ ನೇತುಹಾಕಿದರು. ಆಗ ಹನ್ನೊಂದು ಹತ್ತು. ಆಂಪ್ಲಿಫೈಯರು ಆಫ್ ಮಾಡಿಸಿದರು. ಪೆಟ್ಟಿಗೆಗಳ ಬಟ್ಟೆಯ ಮುಸುಕು ತೆಗೆಸಿ, "ಬಾ ಪುಟ್ಟಿ, ನೋಡ್ತಾ ಇರು" ಎಂದು ಮಗಳನ್ನು ಎಡಗಡೆ ಕೂರಿಸಿದರು. ಎಡಗಡೆಯ ವೈರಿನ ಎರಡು ತುದಿಗಳನ್ನು ಆಂಪ್ಲಿಫೈಯರಿನಿಂದ ಬಿಡಿಸಿ ಸೆಲ್ಲಿಗೆ ಮುಟ್ಟಿಸಿದರು, ಕೆಂಪು ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ. ಪೆಟ್ಟಿಗೆಯೊಳಗೆ ಟಪ್ ಎಂದಿತು.

"ಮುಂದಕ್ಕೆ ಬಂತಪ್ಪ! ಕಾಗದದ ಬಟ್ಟಲು ಹೊರಗೆ ಜಿಗೀತು!" ಮಗಳು ಕೂಗಿದ್ದು ಬೀದಿಗೂ ಕೇಳಿಸಿರಬೇಕು.

"ಈಗ ಆ ಕಡೆ ಹೋಗು."

ಬಲಗಡೆಯ ವೈರಿಗೂ ಹಾಗೆಯೇ ಸೆಲ್ ಮುಟ್ಟಿಸಿದರು. ಟಪ್.

ಮಗಳು ಬಾಯಿ ತೆರೆದಳು. ಅಳಿಯ ಬಗ್ಗಿ ಮೂಗನ್ನೇ ಪೆಟ್ಟಿಗೆಗೆ ತಾಗಿಸಿದ. "ಇನ್ನೊಂದು ಸಲ ಮಾವ." ಟಪ್. "ಒಳಗೆ ಹೋಯ್ತು! ಇದು ಒಳಗೆ ಹೋಗ್ತಿದೆ!"

ಮೈಕಣ್ಣ ವೈರನ್ನು ಹೆಬ್ಬೆರಳಿನಲ್ಲಿ ಸವರುತ್ತಾ ಗೋಡೆಯುದ್ದಕ್ಕೂ ನಡೆದರು. ನಡುದಾರಿಯಲ್ಲಿ ಗಂಟು ಸಿಕ್ಕಿತು. ಹೆಬ್ಬೆರಳು ಅಲ್ಲೇ ನಿಂತಿತು. ಅವರ ಭುಜಗಳು ಅಲುಗತೊಡಗಿದವು. ಅಳುತ್ತಿದ್ದಾರೆಂದು ಹೆದರಿ ಮೈಕಮ್ಮ ಓಡಿಬಂದರು. ನೋಡಿದರೆ ನಗು. ಎರಡು ವರ್ಷದಿಂದ ಎಲ್ಲಿ ಕೂಡಿಟ್ಟಿದ್ದರೋ, ಕಣ್ಣಲ್ಲಿ ನೀರು ಬರುವಷ್ಟು ನಗು.

"ಇದರ ಟೇಪು ಬಿಚ್ಚು," ಎಂದು ಹೆಂಡತಿಯ ಕೈಗೇ ಕೊಟ್ಟರು. ಅಂಟು ಒಣಗಿ ಹಿಡಿದಿದ್ದ ಟೇಪನ್ನು ಮೈಕಮ್ಮ ಉಗುರಿನಿಂದ ಎಬ್ಬಿಸಿ ಸುತ್ತು ಸುತ್ತಾಗಿ ಬಿಚ್ಚಿದರು. ಒಳಗೆ ಕೆಂಪು ಎಳೆ ಕಪ್ಪು ಎಳೆಗೆ ಬೆಸೆದುಕೊಂಡಿತ್ತು. ಕಪ್ಪು, ಕೆಂಪಿಗೆ.

"ಪಕ್ಕದ ಬೀದೀಲಿ ಇನ್ನೊಬ್ಬ ಸೆಟ್ಟಿನವನಿದ್ದ, ನೆನಪಿದೆಯೇನೇ? ಯಾವಾಗ ನೋಡಿದ್ರೂ ವೈರು ಸಾಲ ಕೇಳೋನು, ಒಂದು ಸಲಾನೂ ವಾಪಸ್ ಕೊಡೋನಲ್ಲ. ಕೊನೆಗೆ ನಮ್ಮ ವೈರೆಲ್ಲಾನೂ ನಡುವೆ ತುಂಡು ಮಾಡಿ ಉಲ್ಟಾ ಬೆಸೆದುಬಿಟ್ಟೆ. ನಮ್ಮಲ್ಲಿ ಎಲ್ಲಾ ಉಲ್ಟಾ ಆದ್ದರಿಂದ ಸರಿಯಾಗೇ ಹಾಡೋದು. ಅವನ ಹತ್ರ ಹೋದ್ರೆ ಅವನ ವೈರಿನ ಜೊತೆ ಸೇರಿ ಹೀಗೆ ಕಿತ್ತಾಡೋದು. ಪಾಪ, ನನ್ನ ಪೆಟ್ಟಿಗೆಗೆ ದೆವ್ವ ಹಿಡಿದಿದೆ ಅಂತ ಎಲ್ಲರ ಹತ್ರಾನೂ ಹೇಳ್ಕೊಂಡು ತಿರುಗಿದ." ಮತ್ತೆ ನಕ್ಕು, ತಟ್ಟನೆ ನಿಲ್ಲಿಸಿ, ಹೆಂಡತಿಯತ್ತ ತಿರುಗಿದರು. "ಅದಿರಲಿ. ಇದನ್ನ ಯಾರು ತಂದಿದ್ದು? ಎಲ್ಲಾ ಗುಜರಿಗೆ ಹಾಕಿದ್ನಲ್ಲ?"

"ಬಟ್ಟೆ ಒಣಹಾಕೋಕೆ ಅಂತ ಇಟ್ಕೊಂಡಿದ್ದೆ."

"ಎರಡು ವರ್ಷ ಒದ್ದೆ ಬಟ್ಟೆ ಹೊತ್ತ ವೈರಾ ಇದು? ಒಂದು ಕಡೆ ಜಗ್ಗಿಲ್ಲ, ಒಂದು ಕಡೆ ಬಿಸಿಲಿಗೆ ಬಿಳಚಿಲ್ಲ. ಸುಳ್ಳು ಹೇಳೋದಾದ್ರೂ ನೆಟ್ಟಗೆ ಕಲಿ. ನೀನೇ ಟೇಪು ಸುತ್ತಿದೋಳು, ಬುದ್ಧಿ ಎಲ್ಲಿಟ್ಟಿದ್ದೆ?"

ಅಳಿಯ ಗಾಬರಿಯಿಂದ ಅತ್ತೆಯ ಕಡೆ ನೋಡಿದ. ಮೈಕಮ್ಮ ಬೈಸಿಕೊಳ್ಳುತ್ತಾ ನಿಂತಿದ್ದರು. ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು, ನಗುತ್ತಲೂ ಇದ್ದರು. ಬಯ್ಯಲಿ, ಇನ್ನೂ ಬಯ್ಯಲಿ ಎಂದು ಅವರಿಗೆ ಅನ್ನಿಸುತ್ತಿತ್ತು.

ಎಡಗಡೆಯ ವೈರನ್ನು ಮೊದಲಿನಂತೆ ಸಿಕ್ಕಿಸಿ, ಬಲಗಡೆಯ ವೈರಿನ ಎಳೆಗಳನ್ನು ಮೈಕಣ್ಣ ಆಂಪ್ಲಿಫೈಯರಿನ ಕಡೆ ಅದಲುಬದಲು ಮಾಡಿದರು. "ಹೋಗು, ಜಾಗಕ್ಕೆ ಹೋಗು," ಎಂದರು. ಯಾವ ಜಾಗ ಎಂದು ಮೈಕಮ್ಮ ಕೇಳಲಿಲ್ಲ. ಅಡುಗೆಮನೆಯ ಬಾಗಿಲಿಗೆ, ಹಾಲ್‌ನ ಕೊನೆಗೆ ಹೋಗಿ ನಿಂತರು. ಮೈಕಣ್ಣ ನಡುವೆ ಬಂದು ಪೇಪರಿನ ಹಾಳೆಯನ್ನು ಎತ್ತಿ ಹಿಡಿದರು.

ಮಗಳು ಒತ್ತಿದಳು. ಮೊದಲ ಏಟಿಗೇ ಕಿಟಕಿಯ ಗಾಜು ಝಲ್ಲೆಂದಿತು. ಎರಡನೆಯದು ನೆಲದಿಂದ ಎದ್ದು ಅಂಗಾಲಿಗೆ ಬಂತು. ಮೈಕಣ್ಣನ ಕೈಯಲ್ಲಿದ್ದ ಹಾಳೆ ಫಡಫಡ ಹೊಡೆದುಕೊಂಡಿತು. ಹನ್ನೊಂದು ಏಟು ಮುಗಿದು ಆ ಹೆಂಗಸಿನ ದನಿ ಎದ್ದಾಗ, ಅದು ಎಡದಿಂದಲೂ ಬರಲಿಲ್ಲ, ಬಲದಿಂದಲೂ ಬರಲಿಲ್ಲ. ಎರಡು ಪೆಟ್ಟಿಗೆಗಳ ನಡುವೆ, ಖಾಲಿ ಗೋಡೆಯ ಮುಂದೆ ಅವಳೇ ಬಂದು ನಿಂತು ಹಾಡಿದಂತಿತ್ತು. ಮಗಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಕ್ಯಾಸೆಟ್ಟು ಸವೆದಿರಲಿಲ್ಲ. ಏಳು ತಿಂಗಳೂ ದಂಡವಾಗಿರಲಿಲ್ಲ.

ಮೈಕಮ್ಮ ಕೈ ಎತ್ತಿದರು. ಭುಜ ನೋಯುತ್ತಿದ್ದರೂ ಮೊಣಕೈ ಕಿವಿಗೆ ತಾಗುವಷ್ಟು ಎತ್ತರಕ್ಕೆ ಎತ್ತಿದರು.

ಮೈಕಣ್ಣ ಅದನ್ನು ನೋಡಿ ತಲೆಯಾಡಿಸಿದರೇ ಹೊರತು, ಚೆನ್ನಾಗಿದೆ ಅನ್ನಲಿಲ್ಲ. "ಬಲಗಡೆದು ಒಂದು ಗೇಣು ಈಚೆಗೆ ತಾರಪ್ಪ," ಎಂದರು. ತಂದ. "ಜಾಸ್ತಿ ಆಯ್ತು." ಸರಿಸಿದ. ಆಮೇಲೆ ಡ್ರಾಯರಿನ ಕಡೆ ಕೈ ತೋರಿಸಿ, "ಅದರಲ್ಲಿರೋದು ಕೊಡಿ," ಎಂದರು.

ಕಿವಿ ಮಿಷನ್ನಿಗೆ ಚಾರ್ಜು ಹಾಕಿ, ಅದಾಗುವವರೆಗೆ ಡೋಲಿನ ಹಾಡು ಇನ್ನೂ ನಾಲ್ಕು ಸಲ ಆಯಿತು. ಕಂಪ್ಯೂಟರಿನ ಹಾಡನ್ನು ಅಳಿಯ ಸ್ಪೀಕರಿಗೂ ಬಿಟ್ಟ, ಅದನ್ನೇ ಫೋನಿನಿಂದ, ವೈರಿಲ್ಲದೆ, ಮಾವನ ಕಿವಿ ಮಿಷನ್ನಿಗೂ ಕಳಿಸಿದ. ಮೈಕಣ್ಣ ಕಣ್ಣು ಮುಚ್ಚಿ ಕೇಳಿದರು. "ದನಿ ತಗಡೇ. ಇರಲಿ. ಡೋಲು ಎದೇಲಿ ಬರತ್ತೆ, ದನಿ ಇದರಲ್ಲಿ ಬರತ್ತೆ, ಎರಡನ್ನೂ ನಾನೇ ಸೇರಿಸ್ಕೋತೀನಿ," ಎಂದರು. ಸ್ವಲ್ಪ ಹೊತ್ತಾದ ಮೇಲೆ ಒಂದು ಕಣ್ಣು ತೆರೆದರು. "ದನಿ ಕೂದಲೆಳೆಯಷ್ಟು ಹಿಂದೆ ಬೀಳ್ತಿದೆಯಲ್ಲ? ಡೋಲು ಬಂದು ಹೋದ ಮೇಲೆ ಬರ್ತಿದೆ."

ಅಳಿಯ ಪುಸ್ತಕ ತೆಗೆದು ಕೊನೆಯ ಪುಟಕ್ಕೆ ಹೋಗಿ ಓದಿದ. ಓದಿ, ಮಾವನ ಮುಖವನ್ನೇ ನೋಡುತ್ತಾ ಕೂತ. "ಹೌದು ಅತ್ತೆ. ಗಾಳೀಲಿ ಕಳಿಸಿದ್ರೆ ಒಂದು ಚೂರು ತಡ ಆಗತ್ತೆ ಅಂತ ಇಲ್ಲಿ ಬರ್ದಿದಾರೆ. ಗೊತ್ತೇ ಆಗಲ್ಲ ಅಂತಾನೂ ಬರ್ದಿದಾರೆ."

"ಯಾರಿಗೆ ಗೊತ್ತಾಗಲ್ಲ?" ಎಂದರು ಮೈಕಣ್ಣ. ಕಿವಿಯಲ್ಲಿ ಮಿಷನ್ನಿತ್ತಲ್ಲ, ಕೇಳಿಸಿತ್ತು.

ಊಟಕ್ಕೆ ಕೂತಾಗ ಹೊತ್ತು ಎಷ್ಟಾಗಿತ್ತೋ ಯಾರೂ ನೋಡಲಿಲ್ಲ. ಟ್ಯಾಬು ಅಡುಗೆಮನೆಯಲ್ಲಿತ್ತು, ಹಾಡು ಹಾಲ್‌ನಲ್ಲಿತ್ತು, ಮಗಳು ಗಂಟಲೆತ್ತಿ ಅದರ ಜೊತೆಗೇ ಹಾಡುತ್ತಾ ತಟ್ಟೆ ಇಟ್ಟಳು. ಮೈಕಮ್ಮ ಅನ್ನ ಬಡಿಸಿ ಬೇಳೆ ಹಾಕಿದರು. ಮೈಕಣ್ಣ ಕಲಸಿ, ಒಂದು ತುತ್ತು ಬಾಯಿಗಿಟ್ಟರು. ಅಗಿಯುವುದನ್ನು ನಿಲ್ಲಿಸಿದರು.

"ಉಪ್ಪು ಕಮ್ಮಿ," ಎಂದರು.

ಮೈಕಮ್ಮ ಅಡುಗೆಮನೆಗೆ ಹೋಗಿ ಉಪ್ಪಿನ ಡಬ್ಬಿ ತೆಗೆದುಕೊಂಡರು. ಬಾಗಿಲಲ್ಲಿ ಒಂದು ಗಳಿಗೆ, ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು. ಎದುರು ಗೋಡೆಯ ಮೇಲೆ ಗಡಿಯಾರದಲ್ಲಿ ಇನ್ನೂ ಹನ್ನೊಂದು ಹತ್ತೇ ಆಗಿತ್ತು. ಸೆಲ್ ಮೈಕಣ್ಣನ ಶರ್ಟಿನ ಜೇಬಿನಲ್ಲಿತ್ತು, ಡೋಲಿನ ಏಟಿಗೆ ಅವರ ಎಡಗೈ ಬೆರಳು ಅದರ ಮೇಲೆ ತಾಳ ಹಾಕುತ್ತಿತ್ತು.